ಎಲೆಹುಳದ ಪೆಟ್ಟಿಗೆ

ರಿಪೇರಿ ಮುಗಿದು ಹೊಸದಾಗಿ ಬಾಗಿಲು ತೆರೆದ ಮೀನುಮನೆಯ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ಕೈಕುಲುಕುತ್ತಿದ್ದ, ಅಲ್ಲಿನ ಮೇಲಧಿಕಾರಿ ಸಾಹೇಬರ ಬಲಗಿವಿಗೆ ಅಂಟಿಸಿದ್ದ ಬಿಳಿ ಪಟ್ಟಿ ಇನ್ನೂ ಹಾಗೆಯೇ ಇತ್ತು. ಕ್ಷೌರದಂಗಡಿಯ ಯಜಮಾನನಿಗೆ ಈಚೆಗೆ ಬಸ್ಸಿನ ನಂಬರು ಕಾಣುತ್ತಿರಲಿಲ್ಲ, ಎದುರು ಮನೆಯ ಕಿಟಕಿಯಲ್ಲಿ ನಿಂತದ್ದು ಅತ್ತೆಯೋ ಸೊಸೆಯೋ ತಿಳಿಯುತ್ತಿರಲಿಲ್ಲ, ನಲ್ಲಿಯಲ್ಲಿ ನೀರು ಬರುತ್ತಿದೆಯೋ ಇಲ್ಲವೋ ಎಂದು ಕೈಯೊಡ್ಡಿ ನೋಡಬೇಕಾಗಿತ್ತು. ಆದರೆ ಆ ಪಟ್ಟಿ ಮಾತ್ರ ರಸ್ತೆಯ ಆಚೆ ಬದಿಯಿಂದಲೇ ಕಣ್ಣಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿಯೇ ಹೀಗೆ. ಸಾಹೇಬರು ಯಾರನ್ನೂ ಕಳ್ಳ ಎಂದಿರಲಿಲ್ಲ, ಪಾಪ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ನಗುತ್ತಿದ್ದರು. ಇವನ ಕೈ ತಾನಾಗಿಯೇ ತನ್ನ ಕಿವಿಗೆ ಹೋಯಿತು. ಹೆಂಡತಿ ಅದನ್ನು ನೋಡಿ, ಏನು, ಈಗಲೇ ಕಿವಿಯೊಳಗೆ ಹುಳ ಹೊಕ್ಕಿತೇ, ಹುಳ ತೋರಿಸುವುದು ಮೇಲಿನ ಮಹಡಿಯಲ್ಲಂತೆ, ಇನ್ನೂ ಪಾಸೇ ಕೊಟ್ಟಿಲ್ಲವಲ್ಲ ಎಂದಳು. ಮಗಳು ನಕ್ಕಳು. ಅಳಿಯ ನಗಲಿಲ್ಲ, ನಾಲ್ಕು ಪಾಸುಗಳನ್ನು ಜೋಪಾನವಾಗಿ ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪಟ್ಟಿಯ ಕೆಳಗಿನ ಗಾಯ ಇವನದೇ ಕೈಕೆಲಸ. ಕಳೆದ ವಾರ, ಉದ್ಘಾಟನೆಯ ದಿನ ಬೆಳಿಗ್ಗೆ, ಸಾಹೇಬರು ಎಂದಿನಂತೆ ಅಂಗಡಿಗೆ ಬಂದು ಮೊದಲನೆಯ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡವರೆಲ್ಲ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಕೆನ್ನೆ ಕನ್ನಡಿಯ ಹಾಗಿರಬೇಕು ಎಂದಿದ್ದರು. ಕೆನ್ನೆ ಕನ್ನಡಿಯೇ ಆಯಿತು. ಕಿವಿಯ ಮುಂದಿನ ಕೂದಲಿನ ಅಂಚು ತೀಡುವಾಗ ನೊರೆ ಎಲ್ಲಿ ಮುಗಿಯಿತು, ಕಿವಿ ಎಲ್ಲಿ ಶುರುವಾಯಿತು ಎನ್ನುವುದು ಒಂದು ಗಳಿಗೆ ಬೆರೆತುಹೋಯಿತು. ಎಲ್ಲವೂ ಒಂದೇ ಬಿಳುಪು. ಕತ್ತಿ ಕಿವಿಯ ಅಂಚಿಗೆ ತಾಗಿತು. ಕಣ್ಣಿನ ಮೇಲೆ ಬಿಸಿನೀರಿನ ಟವೆಲು ಹಾಕಿಸಿಕೊಂಡಿದ್ದ ಸಾಹೇಬರು ಹಾ ಎಂದರು. ನೊರೆ ಗುಲಾಬಿ ಬಣ್ಣಕ್ಕೆ ತಿರುಗಿತು. ಆಗ, ಒಳಗೆ ಇನ್ಯಾರೋ ಕೂತು ಆಡಿಸಿದಂತೆ, ಇವನ ಬಾಯಿಂದ ಒಂದು ಮಾತು ಹೊರಬಿತ್ತು. "ಏನಪ್ಪಾ, ಮೊಣಕೈ ನೋಡ್ಕೊಂಡು ಕೆಲಸ ಮಾಡೋಕಾಗಲ್ವಾ?" ಹಾಗೆಂದದ್ದು ಅಳಿಯನಿಗೆ. ಅಳಿಯ ಎರಡನೆಯ ಕುರ್ಚಿಯ ಆಚೆ, ಇಬ್ಬರ ನಡುವೆ ಒಂದು ಎಮ್ಮೆ ನುಗ್ಗಿಹೋಗುವಷ್ಟು ಜಾಗವಿರುವಾಗ, ಟವೆಲು ಮಡಿಸುತ್ತ ನಿಂತಿದ್ದ. ಅವನು ತಲೆಯೆತ್ತಿ ಒಮ್ಮೆ ಮಾವನ ಮುಖ ನೋಡಿದ. "ತಪ್ಪಾಯ್ತು ಮಾವ" ಎಂದ. ಅಷ್ಟೇ. ಸಾಹೇಬರು ಟವೆಲಿನಡಿಯಿಂದಲೇ ಅಳಿಯನಿಗೆ ನಾಲ್ಕು ಮಾತು ಬೈದರು, ಅವನು ಅದನ್ನೂ ನಿಂತು ಕೇಳಿಸಿಕೊಂಡ. ಮಾರನೆಯ ದಿನದ ಪತ್ರಿಕೆಯಲ್ಲಿ, ರಿಬ್ಬನ್ನು ಕತ್ತರಿಸುವವರ ಪಕ್ಕದಲ್ಲಿ, ಕಿವಿಗೆ ಪಟ್ಟಿ ಅಂಟಿಸಿಕೊಂಡ ಸಾಹೇಬರ ಫೋಟೋ ಬಂತು. ಮನೆಯಲ್ಲಿ ಅಳಿಯ ಒಂದು ಮಾತೂ ಎತ್ತಲಿಲ್ಲ. ಒಂದು ಸಲ ಜಗಳಕ್ಕೆ ಬಂದಿದ್ದರೆ, ತಟ್ಟೆ ಸರಿಸಿ ಎದ್ದು ಹೋಗಿದ್ದರೆ ಇವನಿಗೆ ಅನ್ನ ಮೈಗೆ ಹತ್ತುತ್ತಿತ್ತು. ಅವನು ಎಂದಿನಂತೆ, ಮಾವ ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಎನ್ನುತ್ತಿದ್ದ.

ಮೆಟ್ಟಿಲ ಮೇಲೆ ಸಾಹೇಬರು ಇವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು, ಬನ್ನಿ ಯಜಮಾನ್ರೆ, ನಿಮ್ಮ ಅಂಗಡಿಗೆ ರಜೆ ಇರುವ ದಿನ ನೋಡಿಯೇ ಪಾಸು ಕೊಟ್ಟಿದ್ದು, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದರು. ಎಂಥ ಒಳ್ಳೆಯ ಮನುಷ್ಯ. ಕಿವಿ ಕುಯ್ಯಿಸಿಕೊಂಡು ಪಾಸು ಕೊಡುವವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ. ಇವನಿಗೆ ಸಂತೋಷವೂ ಆಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಸಾಹೇಬರು ಹಿಂದೆ ನಿಂತಿದ್ದ ಅಳಿಯನನ್ನು ನೋಡಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ನೀನು ಸ್ವಲ್ಪ ದೂರ ನಿಂತ್ಕೊಳ್ಳಪ್ಪ, ಒಳಗೆಲ್ಲಾ ಗಾಜು, ನಿನ್ನ ಮೊಣಕೈ ನಂಬೋ ಹಾಗಿಲ್ಲ" ಎಂದು ತಮಾಷೆ ಮಾಡಿದರು. ಸುತ್ತಲಿದ್ದವರು, ವಿಷಯ ಏನೆಂದು ಗೊತ್ತಿಲ್ಲದಿದ್ದರೂ, ಸಾಹೇಬರ ಮಾತೆಂದು ನಕ್ಕರು. ಮಗಳೂ ನಕ್ಕಳು, ಆಮೇಲೆ ನಗು ನಿಲ್ಲಿಸಿ, ಏನಂತೆ ಅದು ಎಂದು ಗಂಡನನ್ನು ಕೇಳಿದಳು. ಅಂಗಡಿಯಲ್ಲಿ ಏನೋ ಆಯಿತು ಬಿಡು ಎಂದ ಅಳಿಯ. ಇವನು ಆ ಹೊತ್ತಿಗೆ ಗೋಡೆಯ ಮೇಲಿನ ಹೊಸ ಬಣ್ಣವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಬಣ್ಣ ನೀಲಿಯೋ ಹಸಿರೋ ತಿಳಿಯಲಿಲ್ಲ.

ಒಳಗೆ ಕಾಲಿಟ್ಟೊಡನೆ ಕತ್ತಲೆ. ಹಿಂದೆ, ಮಗಳು ಚಿಕ್ಕವಳಿದ್ದಾಗ ಬರುತ್ತಿದ್ದ ಮೀನುಮನೆ ಒಂದು ಉದ್ದನೆಯ ಹಾಲು, ಪಾಚಿ ಕಟ್ಟಿದ ತೊಟ್ಟಿಗಳು, ಒಡೆದ ನೆಲ, ಮೂಲೆಯಲ್ಲಿ ಒಂದು ಆಮೆ; ಆಮೆ ಬದುಕಿದೆಯೋ ಇಲ್ಲವೋ ಎಂದು ಮಗಳು ಪ್ರತಿ ಸಲವೂ ಕೇಳುತ್ತಿದ್ದಳು, ಮಲಗಿದೆ ಮಗಳೇ ಎಂದು ಇವನು ಪ್ರತಿ ಸಲವೂ ಹೇಳುತ್ತಿದ್ದ. ಈಗ ಅದೆಲ್ಲ ಹೋಗಿ, ತಲೆಯ ಮೇಲೂ ಅಕ್ಕಪಕ್ಕದಲ್ಲೂ ಬಾಗಿದ ಗಾಜು, ಗಾಜಿನ ಆಚೆ ನೀರು, ನೀರಿನಲ್ಲಿ ಎಲ್ಲಿಂದಲೋ ಇಳಿದ ಬೆಳಕು. ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಕ್ಷಮಿಸಿ ಕ್ಷಮಿಸಿ ಎನ್ನುತ್ತ, ಗೋಡೆ ತಡವುತ್ತ ನಡೆಯುತ್ತಿದ್ದರು. ಇವನಿಗೆ ಜೀವ ಹಗುರಾಯಿತು. ಇಲ್ಲಿ ಎಲ್ಲರೂ ಅರೆಗುರುಡರೇ. ಹೊರಗೆ ಮೆಟ್ಟಿಲಿಳಿಯುವಾಗ ಕಾಲಿನಲ್ಲೇ ಲೆಕ್ಕ ಹಿಡಿಯಬೇಕು, ಎದುರಿಗೆ ಬಂದವರು ನಕ್ಕರೋ ಇಲ್ಲವೋ ತಿಳಿಯದೆ ಯಾವುದಕ್ಕೂ ಇರಲಿ ಎಂದು ಎಲ್ಲರಿಗೂ ನಗಬೇಕು, ಬೆಳಗಿನಿಂದ ಸಂಜೆವರೆಗೆ ಅದೇ ಕಸರತ್ತು. ಇಲ್ಲಿ ಆ ಕಷ್ಟವೇ ಇಲ್ಲ. ದೀಪಗಳ ಸುತ್ತ ಅವನ ಕಣ್ಣಿಗೆ ಬಣ್ಣದ ಬಳೆಗಳು ಕಾಣುತ್ತಿದ್ದವು, ಮೀನುಗಳು ಅಂಚು ಕಳೆದುಕೊಂಡು ಕೆಂಪಗೆ ಹಳದಿಯಾಗಿ ಹರಿದುಹೋಗುತ್ತಿದ್ದವು. ಉಳಿದವರಿಗೆ ಇಷ್ಟು ಚೆಂದ ಕಾಣುತ್ತಿದೆಯೋ ಇಲ್ಲವೋ ಎಂದು ಅವನಿಗೆ ನಿಜವಾಗಿಯೂ ಅನುಮಾನ ಬಂತು. ಒಂದು ತೊಟ್ಟಿಯ ಮುಂದೆ ಸಾಹೇಬರು ನಿಲ್ಲಿಸಿ, ನೋಡಿ ಇದಕ್ಕೆ ಗಡ್ಡ ಮೀಸೆ ಎರಡೂ ಇವೆ, ನಿಮ್ಮ ಗಿರಾಕಿ ಎಂದರು. ಮುಖವೆಲ್ಲ ಒದ್ದೆ ಮಾಡಿಕೊಂಡೇ ಬಂದಿದೆ, ನಮಗೆ ಅರ್ಧ ಕೆಲಸ ಕಡಿಮೆ ಎಂದ ಇವನು. ಸಾಹೇಬರು ಮನಸಾರೆ ನಕ್ಕರು. ನಗುವಾಗ ಪಟ್ಟಿಯೂ ಅಲ್ಲಾಡಿರಬೇಕು. ಅವರು ನಗುವುದನ್ನು ಕೇಳುತ್ತ, ತಾನು ಇಷ್ಟು ಸಣ್ಣ ಮನುಷ್ಯನಾದದ್ದು ಯಾವಾಗ ಎಂದು ಅವನು ಯೋಚಿಸಿದ.

ಮುಂದೆ ಹೋಗುತ್ತಿದ್ದ ಅಳಿಯನ ಕತ್ತಿನ ಹಿಂಭಾಗ ನೀಲಿ ಬೆಳಕಿನಲ್ಲಿ ಕಾಣುತ್ತಿತ್ತು. ಮುಖಗಳು ಕೈಬಿಟ್ಟ ಮೇಲೂ ಕತ್ತುಗಳು ಅವನನ್ನು ಕೈಬಿಟ್ಟಿರಲಿಲ್ಲ. ಊರಿನ ಅರ್ಧ ಗಂಡಸರನ್ನು ಅವನು ಹಿಂದಿನಿಂದಲೇ ಗುರುತು ಹಿಡಿಯುತ್ತಿದ್ದ. ಒಬ್ಬನಿಗೆ ಎರಡು ಸುಳಿ, ಮತ್ತೊಬ್ಬನಿಗೆ ಕತ್ತಿನಲ್ಲಿ ಒಂದು ಮಡಿಕೆ, ಇನ್ನೊಬ್ಬನಿಗೆ ಎಡಗಡೆ ಕೂದಲು ಮೇಲಕ್ಕೇ ಏಳುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ಬಗ್ಗುವುದಿಲ್ಲ, ಹೆಂಡತಿಯ ಮಾತಿಗೂ ಬಗ್ಗುವುದಿಲ್ಲ. ಕೆಲಸವನ್ನೂ ಈಗ ಕಣ್ಣಿನಿಂದ ಮಾಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದ. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದರೆ ಕೂದಲು ಯಾವ ಕಡೆಗೆ ಮಲಗಿದೆ ಎಂದು ಬೆರಳೇ ಹೇಳುತ್ತದೆ, ಬೆರಳು ಹೇಳಿದ ಕಡೆಗೆ ಕತ್ತಿ ಹೋಗುತ್ತದೆ. ಕೆನ್ನೆಗೆ ಅದು ಸಾಕು, ಗದ್ದಕ್ಕೆ ಸಾಕು. ಕಿವಿಗೆ ಸಾಲದು. ಕಿವಿಯ ಹತ್ತಿರ ನೋಡಲೇಬೇಕು. ಇದನ್ನು ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಕತ್ತಿ ಹಿಡಿಯಲು ಕಲಿಸಿದ ದೊಡ್ಡಪ್ಪ, ಕೈ ನಡುಗಲು ಶುರುವಾದ ಮೇಲೆ, ಅದೇ ಅಂಗಡಿಯಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದ. ಬಂದವರಿಗೆ ಬನ್ನಿ ಎನ್ನುವುದು, ಹೋದವರಿಗೆ ಹೋಗಿಬನ್ನಿ ಎನ್ನುವುದು, ನಡುವೆ ಬಿದ್ದ ಕೂದಲನ್ನು ಪೊರಕೆಯಿಂದ ಒಂದು ಕಡೆ ಮಾಡುವುದು. ಗಿರಾಕಿಗಳು ಅವನ ಮುಂದೆಯೇ, ಪಾಪ ಮುದುಕ, ಎನ್ನುತ್ತಿದ್ದರು, ಕೈ ನಡುಗಿದರೆ ಕಿವಿಯೂ ಕೇಳುವುದಿಲ್ಲ ಎಂದು ಯಾರು ಹೇಳಿದ್ದರೋ. ಆ ಬೆಂಚು ಈಗಲೂ ಅಲ್ಲೇ ಇದೆ. ಬೆಳಿಗ್ಗೆ ಅಂಗಡಿ ತೆರೆದು ಒಳಗೆ ಬರುವಾಗ ಇವನು ಅದರ ಹತ್ತಿರ ಸುಳಿಯದೆ ಸುತ್ತಿಕೊಂಡು ಬರುತ್ತಾನೆ. ಅಳಿಯ ಒಳ್ಳೆಯವನು, ಕೈ ಇನ್ನೂ ಒಳ್ಳೆಯದು. ಮೂರು ವರ್ಷದಲ್ಲಿ ಒಂದು ದಿನವೂ ಇವನು ಹಾಗೆಂದು ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಅವನು ಮೊದಲನೆಯ ಕುರ್ಚಿಗೆ ಸರಿದು ನಿಲ್ಲುತ್ತಾನೋ ಎಂದು ಕತ್ತರಿ ಹಿಡಿಯುವ ಬಗೆಯಲ್ಲಿ ದಿನಕ್ಕೊಂದು ತಪ್ಪು ಹುಡುಕುತ್ತಿದ್ದ.

ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಬಂದರು. ಮೊದಲು ಇದು ಉಗ್ರಾಣವಾಗಿತ್ತು, ಈಗ ಕೀಟಗಳ ವಿಭಾಗ. ಬೆಳಕು ಬೇಕಾದಷ್ಟಿತ್ತು, ಇವನ ಧೈರ್ಯ ಅಲ್ಲಿಗೇ ಅರ್ಧ ಇಳಿಯಿತು. ಗಾಜಿನ ಕೊಳವೆಗಳಲ್ಲಿ ಇರುವೆಗಳು ಎಲೆಯ ಚೂರು ಹೊತ್ತು ಗೋಡೆಯ ಉದ್ದಕ್ಕೂ ಓಡಾಡುತ್ತಿದ್ದವಂತೆ, ಮಗಳು ಹೇಳಿದಳು. ಇವನ ಕಣ್ಣಿಗೆ ಕೊಳವೆಯೊಂದೇ ಕಂಡಿತು, ಒಳಗೆ ಏನೋ ನವೆಯ ಹಾಗೆ ಆಡುತ್ತಿತ್ತು. ಮುಂದಿನ ಪೆಟ್ಟಿಗೆಯಲ್ಲಿ ಜಿರಲೆಗಳು. ದೂರದ ದ್ವೀಪದಿಂದ ತಂದ ಅಪರೂಪದ ಜಿರಲೆ ಎಂದು ಸಾಹೇಬರು ವಿವರಿಸಿದರು. ಹೆಂಡತಿ ಸೆರಗು ಮೂಗಿಗೆ ಹಿಡಿದು, ಅಷ್ಟು ದೂರ ಯಾಕೆ ಹೋದಿರಿ ಸಾರ್, ನಮ್ಮ ಸಿಂಕಿನ ಕೆಳಗೆ ಬಂದಿದ್ದರೆ ಪುಕ್ಕಟೆ ಕೊಡುತ್ತಿದ್ದೆ, ಮೇಲೆ ಒಂದು ಲೋಟ ಚಹವನ್ನೂ ಕೊಡುತ್ತಿದ್ದೆ ಎಂದಳು. ಹಿಂದೆ ಬರುತ್ತಿದ್ದ ಜನವೆಲ್ಲ ನಕ್ಕಿತು. ಅವರಲ್ಲಿ ಒಬ್ಬರು ಪೂರ್ತಿ ಬೋಳುತಲೆಯವರು. ಕ್ಷೌರಿಕನ ಕಣ್ಣಿಗೆ ಯಾವ ಸುಳಿವೂ ಕೊಡದ ತಲೆ. ಹೆಂಡತಿಗೆ ಜನ ನಕ್ಕದ್ದೇ ಸಾಕು, ಇನ್ನೆರಡು ಪೆಟ್ಟಿಗೆಗಳಿಗೂ ಅವಳದೇ ವಿವರಣೆ ನಡೆಯಿತು.

ಕೊನೆಯ ಮೂಲೆಯಲ್ಲಿ ಎಲ್ಲದಕ್ಕಿಂತ ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಹಸಿರು ಕೊಂಬೆಗಳ ಒಂದು ಪೊದೆ, ಮೇಲಿನಿಂದ ದೀಪ. ಇದು ನಮ್ಮ ಹೆಮ್ಮೆ ಎಂದು ಸಾಹೇಬರು ದನಿ ತಗ್ಗಿಸಿದರು. ಎಲೆಹುಳ. ಎಲೆಯ ಹಾಗೆಯೇ ಬಣ್ಣ, ಎಲೆಯ ಹಾಗೆಯೇ ನರ, ಅಂಚಿನಲ್ಲಿ ಒಣಗಿದ ಹಾಗೆ ಒಂದು ಕಂದು ಚುಕ್ಕೆ ಬೇರೆ. ಹಕ್ಕಿಗಳಿಗೇ ಕಾಣುವುದಿಲ್ಲ, ತಾಳ್ಮೆಯಿಂದ ಹುಡುಕಬೇಕು ಎಂದರು. ಎಲ್ಲರೂ ಗಾಜಿಗೆ ಮೂಗು ಒತ್ತಿದರು. ಕೊಂಬೆ ಕೊಂಬೆಯನ್ನೂ ಹುಡುಕಿದರು. ಆಮೇಲೆ ಬೋಳುತಲೆಯವರು, ಓ, ಅಗೋ, ಎಂದು ಬೆರಳು ತೋರಿಸಿದರು. ಅದರ ಹಿಂದೆಯೇ ಒಬ್ಬ ಹೆಂಗಸು, ಒಂದಲ್ಲ ಎರಡಿವೆ, ತಾಯಿ ಮರಿ ಇರಬೇಕು ಎಂದಳು. ಮಗಳಿಗೂ ಕಂಡಿತು. ಹೆಂಡತಿಗೆ ಕಾಣದೆ ಇರುತ್ತದೆಯೇ, ಅಯ್ಯೋ ಕಾಲು ಹೇಗೆ ಆಡಿಸುತ್ತಿದೆ ನೋಡಿ ಎಂದಳು. ಅಳಿಯ ಬಗ್ಗಿ ನೋಡಿ ಹೂಂ ಎಂದ. ಇವನಿಗೆ ಎಲೆಗಳು ಕಂಡವು. ಎಲೆಗಳೂ ಅಲ್ಲ, ಹಸಿರು ಕಂಡಿತು, ಯಾರೋ ಒದ್ದೆ ಕೈಯಿಂದ ಒರೆಸಿದಂತಹ ಹಸಿರು. ಊರಿಗೆ ಊರೇ ನೋಡುತ್ತಿದೆ, ತಾನೊಬ್ಬನೇ ಗೋಡೆ ನೋಡುವವನ ಹಾಗೆ ನಿಂತಿದ್ದಾನೆ. ಕತ್ತು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ. ನಿಮಗೆ ಕಂಡಿತೇ ಯಜಮಾನ್ರೆ ಎಂದರು ಸಾಹೇಬರು. ಕಾಣದೆ ಏನು, ಮೀಸೆ ಸಮೇತ ಕಾಣುತ್ತಿದೆ, ಎಡಗಡೆ ಮೀಸೆ ಸ್ವಲ್ಪ ಉದ್ದವಾಯಿತು, ಕತ್ತರಿ ತಂದಿದ್ದರೆ ಸರಿ ಮಾಡುತ್ತಿದ್ದೆ ಎಂದು ಇವನು ನಾಲಿಗೆ ಸಡಿಲ ಬಿಟ್ಟ. ಹೌದು ಹೌದು, ಮೀಸೆ ಇದೆ ಎಂದರು ಬೋಳುತಲೆಯವರು. ಎರಡಕ್ಕೂ ಇದೆ ಎಂದಳು ಆ ಹೆಂಗಸು. ಇನ್ನೂ ನಾಲ್ಕಾರು ಜನ ಮೀಸೆ ನೋಡಿದರು.

ಅಷ್ಟರಲ್ಲಿ ಹಿಂದಿನಿಂದ, ದಾರಿ ಬಿಡಿ ದಾರಿ ಬಿಡಿ ಎನ್ನುತ್ತ, ಕಾಲಿಗೆ ರಬ್ಬರಿನ ಬೂಟು ಹಾಕಿಕೊಂಡ ನಡುವಯಸ್ಸಿನ ಒಬ್ಬಾಕೆ ರಟ್ಟಿನ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ಬಂದಳು. ಹುಳಗಳನ್ನು ಸಾಕುವ ಕೆಲಸ ಅವಳದು. ಜನ ಸೇರಿದ್ದನ್ನು ನೋಡಿ ಅವಳಿಗೆ ಅರ್ಥವಾಗಲಿಲ್ಲ. "ಖಾಲಿ ಪೆಟ್ಟಿಗೇಲಿ ಏನ್ ನೋಡ್ತಿದ್ದೀರಾ ಎಲ್ಲಾರೂ?" ಎಂದಳು. ಕೊಂಬೆ ಬದಲಾಯಿಸುವುದಕ್ಕೆಂದು ಬೆಳಿಗ್ಗೆಯೇ ಹುಳಗಳನ್ನು ಹಿಂದಿನ ಕೋಣೆಗೆ ಒಯ್ದಿದ್ದಳಂತೆ, ಈಗ ತಂದು ಬಿಡುತ್ತಿದ್ದಾಳೆ, ಇಷ್ಟು ಹೊತ್ತೂ ಅದರಲ್ಲಿ ಎಲೆ ಬಿಟ್ಟರೆ ಒಂದು ಸೊಳ್ಳೆಯೂ ಇರಲಿಲ್ಲ. ಎಲ್ಲರೂ ಇಂಗು ತಿಂದ ಮಂಗನ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಮಗಳು. ಆಮೇಲೆ ಬೋಳುತಲೆಯವರು ಹೊಟ್ಟೆ ಹಿಡಿದುಕೊಂಡರು, ಆಮೇಲೆ ಇಡೀ ಕೋಣೆಯೇ ನಕ್ಕಿತು. ತಾಯಿ ಮರಿ ನೋಡಿದ್ದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಇವನಿಗೆ, ನೀವು ಮೀಸೆ ಅಂದಿದ್ದಕ್ಕೇ ನನಗೂ ಕಂಡಿತು ನೋಡಿ ಎಂದು ದೂರಿದಳು. ಇವನಿಗಾದ ಸಂತೋಷ ಅವರಿಗೆ ಯಾರಿಗೂ ಆಗಿರಲಾರದು. ಇಲ್ಲದ್ದು ಕಾಣಲಿಲ್ಲ! ಇಲ್ಲದ್ದು ಕಾಣದಿದ್ದರೆ ಅದು ಯಾವ ರೋಗ? ಇಷ್ಟು ಜನರಲ್ಲಿ ಕಣ್ಣು ನೆಟ್ಟಗಿದ್ದದ್ದು ತನ್ನದೊಂದೇ ಎಂದಾಯಿತಲ್ಲ. ಬಸ್ಸಿನ ನಂಬರುಗಳನ್ನೇ ಈಚೆಗೆ ಸಣ್ಣದಾಗಿ ಬರೆಯುತ್ತಿರಬೇಕು. ಎದುರು ಮನೆಯವರ ಕಿಟಕಿ ಗಾಜು ತೊಳೆದು ಎಷ್ಟು ಕಾಲವಾಯಿತೋ. ಆ ದಿನ ಅಂಗಡಿಯಲ್ಲಿ, ಯಾರಿಗೆ ಗೊತ್ತು, ಅಳಿಯನ ಮೊಣಕೈ ನಿಜವಾಗಿಯೇ ತಾಗಿತ್ತೋ ಏನೋ ಎಂದೂ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಅನ್ನಿಸಿದ್ದೇ ತಡ, ಮುಂದೆ ನಿಂತಿದ್ದ ಅಳಿಯನ ಕತ್ತಿನ ಕಡೆಗೆ ಕಣ್ಣು ಹೋಯಿತು, ಇವನು ಮುಖ ಬೇರೆ ಕಡೆ ತಿರುಗಿಸಿಕೊಂಡ.

ಬೂಟಿನಾಕೆ ಪೆಟ್ಟಿಗೆಯ ಹಿಂಬಾಗಿಲು ತೆರೆದು, ಡಬ್ಬಿಯಿಂದ ಒಂದೊಂದನ್ನೇ ಬೆರಳ ಮೇಲೆ ಹತ್ತಿಸಿಕೊಂಡು ಕೊಂಬೆಗೆ ಬಿಟ್ಟಳು. ಹೆದರಿಸಬೇಡಿ, ಈಗ ನೋಡಿ, ಎಂದು ಬಾಗಿಲು ಹಾಕಿಕೊಂಡು ಹೋದಳು. ಜನ ಮತ್ತೆ ಬಗ್ಗಿತು. ಈ ಸಲ ಯಾರೂ ಬೆರಳು ತೋರಿಸಲಿಲ್ಲ, ಅಗೋ ಎನ್ನಲಿಲ್ಲ. ಸುಮ್ಮನೆ ಉಸಿರು ಬಿಗಿಹಿಡಿದರು. ಯಾರೋ ತನ್ನಷ್ಟಕ್ಕೆ ತಾನು ಅಬ್ಬಾ ಎಂದರು, ಅಷ್ಟು ಮೆಲ್ಲಗೆ ಎಂದರೆ ಹೇಳಿದ್ದು ಹೊರಗೆ ಕೇಳಿತೆಂದು ಅವರಿಗೇ ಗೊತ್ತಿರಲಾರದು. ಇಷ್ಟು ಹೊತ್ತು ಬಾಯಿ ಮುಚ್ಚದ ಹೆಂಡತಿಯೂ ಸುಮ್ಮನಾದಳು. ಅವಳು ಸುಮ್ಮನಾದದ್ದರಿಂದಲೇ ಇವನಿಗೆ ಗೊತ್ತಾಯಿತು, ಈಗ ಅವಳಿಗೆ ನಿಜವಾಗಿ ಕಾಣುತ್ತಿದೆ. ಇವನೂ ಬಗ್ಗಿದ. ಒದ್ದೆ ಕೈಯಿಂದ ಒರೆಸಿದ ಹಸಿರು. ಒರೆಸಿದ ಹಸಿರಿನ ನಡುವೆ ದೀಪದ ಒಂದು ಬಳೆ. ನೋಡಿದ, ನೋಡಿದ, ಕಣ್ಣಲ್ಲಿ ನೀರು ಬರುವವರೆಗೆ ನೋಡಿದ. ಅವನ ಸಂತೋಷ ಬಂದ ದಾರಿಯಲ್ಲೇ ಹೊರಟುಹೋಯಿತು.

ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆಯೇ, ನಿಜ ಹೇಳಿಬಿಡುತ್ತೇನೆ, ನನಗೂ ಆಗ ಏನೂ ಕಂಡಿರಲಿಲ್ಲ ಎಂದರು. ಈ ಮನೆಗೆ ನಾನೇ ದೊಡ್ಡವನು, ನನಗೇ ಕಾಣುವುದಿಲ್ಲ ಎಂದರೆ ಹೇಗಿರುತ್ತದೆ ಹೇಳಿ, ಅದಕ್ಕೇ ಇದೆ ಇದೆ ಎಂದುಕೊಂಡು ಬಂದೆ. ಜನ ಮತ್ತೆ ನಕ್ಕಿತು, ಆದರೆ ಪ್ರೀತಿಯಿಂದ ನಕ್ಕಿತು. ಅಷ್ಟು ಸುಲಭವಾಗಿ ಹೇಳಿ ಮುಗಿಸಿದರಲ್ಲ, ಕರವಸ್ತ್ರ ಮಡಿಸಿ ಜೇಬಿಗಿಡುವುದರೊಳಗೆ ಹೇಳಿಯೂ ಆಯಿತು, ಅವರ ತಲೆ ಎಲ್ಲಿತ್ತೋ ಅಲ್ಲೇ ಇದೆ ಎಂದು ಇವನು ಬೆರಗಾದ. ಸಾಹೇಬರು ಇವನ ಭುಜ ತಟ್ಟಿ, ಈಗ ಕಾಣುತ್ತಿದೆಯೇ ನಿಮ್ಮ ಮೀಸೆಹುಳ ಎಂದರು. ಇಲ್ಲ ಎಂದ ಇವನು. ಕೋಣೆ ಹೋ ಎಂದಿತು. ಈ ಯಜಮಾನರು ಭಾರಿ ತಮಾಷೆ ಮನುಷ್ಯ ಎಂದರು ಬೋಳುತಲೆಯವರು. ಇವನು ಇಲ್ಲ ಎಂದದ್ದು ಒಬ್ಬರಿಗೂ ತಟ್ಟಲಿಲ್ಲ. ಸುಳ್ಳು ಹೇಳಿದಾಗ ನಾಲ್ಕಾರು ಜನ ಮೀಸೆ ನೋಡಿದರು, ನಿಜ ಹೇಳಿದರೆ ನಗುತ್ತಾರೆ. ಬಚಾವಾದೆ, ಇಷ್ಟಕ್ಕೇ ಬಿಡೋಣ, ಹೇಳಿದ್ದೂ ಆಯಿತು, ಗುಟ್ಟೂ ಉಳಿಯಿತು ಎಂದು ಅವನ ಮನಸ್ಸು ಸರಸರನೆ ಹಿಂದೆ ಸರಿಯುತ್ತಿತ್ತು. ಆಗ ಸಾಹೇಬರು, ನಾಳೆ ಬೆಳಿಗ್ಗೆ ಶೇವಿಂಗಿಗೆ ಬರುತ್ತೇನೆ ಎಂದರು. ಎಂದವರು ಅಳಿಯನ ಕಡೆ ತಿರುಗಿ, "ಆದ್ರೆ ಇವನನ್ನ ಹೊರಗೆ ಕಳ್ಸಿರಿ ಯಜಮಾನ್ರೆ. ಇಂಥವರನ್ನ ಇಟ್ಕೊಂಡ್ರೆ ನಿಮಗಿರೋ ಹೆಸರೂ ಹೋಗುತ್ತೆ" ಎಂದರು. ಈ ಸಲ ಅದು ತಮಾಷೆಯಾಗಿರಲಿಲ್ಲ. ಮಗಳು ಗಂಡನ ಮುಖ ನೋಡಿದಳು. ಅಳಿಯ ಮಾವನ ಕಡೆ ನೋಡಲಿಲ್ಲ, ನೋಡಿದರೆ ಮಾವನಿಗೆ ಕಷ್ಟವಾದೀತೆಂದು ನೋಡಲಿಲ್ಲ. ಗಾಜಿನ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದ. ಅವನ ಕಿವಿಗಳು ಹಿಂದಿನಿಂದ ಕೆಂಪಗಾಗಿದ್ದವು, ಅದು ಇವನಿಗೆ ಚೆನ್ನಾಗಿಯೇ ಕಂಡಿತು.

"ಇವನ ಮೊಣಕೈ ತಾಗ್ಲಿಲ್ಲ ಸಾಹೇಬ್ರೆ" ಎಂದ ಇವನು. ದನಿ ತನ್ನದೇ ಹೌದೋ ಅಲ್ಲವೋ ಎನ್ನುವ ಹಾಗಿತ್ತು. "ಅವತ್ತು ಇವನು ನನ್ನ ಹತ್ರಾನೇ ಇರ್ಲಿಲ್ಲ. ನನಗೆ ನಿಮ್ಮ ಕಿವಿ ಕಾಣ್ಲಿಲ್ಲ." ಸಾಹೇಬರ ಮುಖದಲ್ಲಿ ನಗು ಹೊರಟಿತ್ತು, ಅರ್ಧದಾರಿಯಲ್ಲಿ ನಿಂತಿತು. ಇವನು ನಗಲು ಬಿಡಲಿಲ್ಲ. ಈ ಹುಳವೂ ಕಾಣುತ್ತಿಲ್ಲ, ತಮಾಷೆಗೆ ಹೇಳಿದ್ದಲ್ಲ, ನಿಮ್ಮ ಮುಖವೂ ನೆಟ್ಟಗೆ ಕಾಣುತ್ತಿಲ್ಲ, ಬಹಳ ದಿನವಾಯಿತು, ಕತ್ತಿ ಹಿಡಿಯುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ, ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಇವನ ತಲೆಗೆ ಕಟ್ಟಿದೆ, ಎಂದು ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದ. ಕೋಣೆಯಲ್ಲಿ ಇರುವೆ ನಡೆದರೆ ಕೇಳುವಂತಿತ್ತು, ಇರುವೆಗಳು ನಡೆಯುತ್ತಲೂ ಇದ್ದವು. ಸಾಹೇಬರ ಕೈ ಮೆಲ್ಲಗೆ ಮೇಲೆ ಹೋಗಿ ಪಟ್ಟಿಯನ್ನು ಮುಟ್ಟಿ ನೋಡಿತು. ಇಷ್ಟು ದಿನವೂ ಕಣ್ಣು ಕಾಣದವನ ಕತ್ತಿಗೆ ಕೊರಳು ಕೊಟ್ಟು ಕೂತಿದ್ದೆನಲ್ಲ ಎಂಬುದು ಅವರಿಗೆ ಒಂದೊಂದೇ ಬೆಳಿಗ್ಗೆಯಾಗಿ ನೆನಪಿಗೆ ಬರುತ್ತಿರಬೇಕು. ಕೈ ಕಿವಿಯಿಂದ ಕೊರಳಿಗೂ ಒಂದು ಸಲ ಹೋಗಿ ಬಂತು. ಬೈಯುತ್ತಾರೆ, ಬೈಯಲಿ ಎಂದು ಇವನು ತಲೆ ತಗ್ಗಿಸಿ ನಿಂತ. ಸಾಹೇಬರು ಅಳಿಯನ ಹತ್ತಿರ ಹೋಗಿ, ನಾನು ಆ ದಿನ ಬಹಳ ಮಾತಾಡಿಬಿಟ್ಟೆನ್ರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಇಷ್ಟು ಹೊತ್ತು ನೀನು ಎನ್ನುತ್ತಿದ್ದವರು. ಅಳಿಯ, ಪರವಾಗಿಲ್ಲ ಸಾರ್, ಗಾಯ ಒಣಗಿತೇ ಎಂದು ಕೇಳಿದ. ಸಾಹೇಬರು ಇವನ ಕಡೆ ತಿರುಗಿ, ದೀರ್ಘವಾಗಿ ಉಸಿರು ಬಿಟ್ಟು, "ಹಾಗಾದ್ರೆ ನಾಳೆ ನನಗೆ ಯಾರು ಮಾಡೋರು?" ಎಂದರು.

"ಇವನೇ. ಕೈ ನನಗಿಂತ ಚೆನ್ನಾಗಿದೆ" ಎಂದ ಇವನು.

ಮಾತು ಹೊರಗೆ ಬಂದ ಮೇಲೆ, ಇಷ್ಟೇನಾ ಇದು ಎಂದು ಅವನಿಗೇ ಅನ್ನಿಸಿತು. ಮೂರು ವರ್ಷ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದದ್ದು ಒಂದು ಸಲಕ್ಕೆ ಉದುರಿಹೋದ ಹಾಗೆ. ಅಳಿಯ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಕಟ್ಟಿ, ಬಿಚ್ಚಿ, ಇನ್ನೊಂದು ಸಲ ಕಟ್ಟಿದ. ಮಗಳ ಕಣ್ಣು ತುಂಬಿತ್ತು, ಆದರೆ ಅಪ್ಪನನ್ನು ಬೈಯುವುದೋ ಹೊಗಳುವುದೋ ಗೊತ್ತಾಗದೆ ಅವನ ಅಂಗಿಯ ಕಾಲರು ಸರಿಮಾಡಿದಳು. ಮಾತು ಹೆಂಡತಿಯದೇ ಬಂತು. "ಇದನ್ನ ಹೇಳೋಕೆ ನಿಮಗೆ ಇಷ್ಟು ದೊಡ್ಡ ಮೀನುಮನೆ ಕಟ್ಟಿಸ್ಬೇಕಾಯ್ತೇನ್ರೀ?" ಎಂದಳು. ದಿನಾ ಬೆಳಿಗ್ಗೆ ಲೋಟದ ಪಕ್ಕಕ್ಕೆ ಚಹ ಸುರಿದುಕೊಂಡು, ಲೋಟ ಸೋರುತ್ತಿದೆ ಎಂದು ನನ್ನ ಮೇಲೆ ರೇಗುವವರು ಇವರು, ಹೊಸ ಲೋಟ ತಂದೂ ತಂದೂ ಸಾಕಾಯಿತು ಎಂದು ಬೋಳುತಲೆಯವರ ಹತ್ತಿರ ದೂರಿದಳು. ಬೋಳುತಲೆಯವರು ಅದಕ್ಕೇ ಕಾದಿದ್ದವರಂತೆ ಮುಂದೆ ಬಂದು, ಪೊರೆ ಇರಬೇಕು, ನನಗೂ ಇತ್ತು, ತೆಗೆಸಿದ ಮೇಲೆ ಹೆಂಡತಿಯ ಮುಖ ಹೊಸದಾಗಿ ಕಂಡಿತು, ಬೇಕಿದ್ದರೆ ಡಾಕ್ಟರ ವಿಳಾಸ ಕೊಡುತ್ತೇನೆ ಎಂದರು. ಹೊಸದಾಗಿ ಕಂಡು ಏನಾಯಿತು ಎಂದು ಹೆಂಡತಿ ಕೇಳಿದಳು. ಏನಾಗುತ್ತದೆ, ಅವಳಿಗೆ ನಾನು ಹಳೆಯದಾಗಿಯೇ ಕಂಡೆ ಎಂದರು ಅವರು. ಇವನು ನಕ್ಕ. ನಗುವುದಕ್ಕೆ ಯಾರ ಮುಖವನ್ನೂ ನೋಡಿ ನಿರ್ಧರಿಸಬೇಕಾಗಿರಲಿಲ್ಲ. ನಾಳೆ ಅಂಗಡಿಯಲ್ಲಿ ತಾನು ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆ ಇನ್ನೂ ಇತ್ತು, ಭಯವೂ ಇತ್ತು, ಆದರೆ ಭಯದ ಪಕ್ಕದಲ್ಲೇ ಹಸಿವೂ ಆಗುತ್ತಿತ್ತು. ವಾರದಿಂದ ಹೀಗೆ ಹಸಿವಾಗಿರಲಿಲ್ಲ.

ಜನ ನಿಧಾನವಾಗಿ ಮುಂದಕ್ಕೆ ಸರಿಯಿತು. ಸಾಹೇಬರು ಬೇರೆ ಯಾರನ್ನೋ ಬರಮಾಡಿಕೊಳ್ಳಲು ಕೆಳಗೆ ಹೋದರು, ತಾಯಿ ಮಗಳು ಚಿಟ್ಟೆಗಳ ಕಡೆ ನಡೆದರು. ಇವನು ಎಲೆಹುಳದ ಪೆಟ್ಟಿಗೆಯ ಮುಂದೆಯೇ ನಿಂತಿದ್ದ. ಅಳಿಯ ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ನಿಂತದ್ದು ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ನಿಲ್ಲುವ ಹಾಗೆ. ಆಮೇಲೆ ಅಳಿಯ, ಇನ್ನೊಂದು ಸಲ ನೋಡ್ತೀರಾ ಮಾವ ಎಂದ. ಏನು ನೋಡುವುದು, ಎಲ್ಲಾ ಒಂದೇ ಹಸಿರು ಎಂದ ಇವನು. ಅಳಿಯ ಗಾಜಿಗೆ ಮುಖ ಹತ್ತಿರ ತಂದು ಒಂದು ಗಳಿಗೆ ಯೋಚಿಸಿದ.

"ಈ ಪೊದೆ ಒಂದು ತಲೆ ಅಂದ್ಕೊಳ್ಳಿ ಮಾವ. ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಾರೆ. ಮೇಲೆ ದೀಪ ಇದೆಯಲ್ಲಾ, ಅದು ಸುಳಿ. ಅಲ್ಲಿಂದ ಕೆಳಗೆ ಬನ್ನಿ. ಮೆಲ್ಲಗೆ. ಎಡಗಿವಿ ಹಿಂದೆ, ಕೂದಲು ತೆಳ್ಳಗಾಗೋ ಕಡೆ. ಹಾಂ, ಅಲ್ಲೇ ನಿಲ್ಲಿ. ಕತ್ತಿನ ಗುಳಿ ತನಕ ಹೋಗ್ಬೇಡಿ."

ಇವನು ಸುಳಿಯಿಂದ ಇಳಿದ. ಎಷ್ಟು ಸಾವಿರ ತಲೆಗಳ ಮೇಲೆ ಇಳಿದಿದ್ದ ದಾರಿ. ಎಡಗೈ ಹೆಬ್ಬೆರಳು ಗಾಜಿನ ಮೇಲೆ ಎದ್ದು ಕಣ್ಣಿಗಿಂತ ಮುಂದೆ ಮುಂದೆ ಹೋಯಿತು, ಕಿವಿ ಇರಬೇಕಾದ ಕಡೆ ಬಳಸಿತು, ಅದರ ಹಿಂದೆ ಬಂದು ನಿಂತಿತು.

"ಕಾಣ್ತಾ ಮಾವ?"

ಇವನು ಇನ್ನೂ ಹತ್ತಿರ ಬಗ್ಗಿದ. ಉಸಿರಿಗೆ ಗಾಜು ಮಬ್ಬಾಯಿತು, ಅಳಿಯ ಅಂಗಿಯ ತೋಳಿನಿಂದ ಒರೆಸಿದ.

"ಇಲ್ಲ" ಎಂದ ಇವನು. "ಆದ್ರೆ ಎಲ್ಲಿದೆ ಅಂತ ಗೊತ್ತಾಯ್ತು."